ಮಲವಗೊಪ್ಪಕ್ಕೆ ಹೊರಟ ನರಿ

ಮಾರ್ಚ್ ೯, ಭಾನುವಾರ

ತಮ್ಮನ ಹೆಂಡತಿ ಸುಮೇರಾ ನಕ್ಕಿದ್ದು ಇನ್ನೂ ಕಿವಿಯಲ್ಲೇ ಇದೆ. ಸವಳಂಗ ರಸ್ತೆಯ ತಮ್ಮನ ಮನೆಯಲ್ಲಿ ಇವತ್ತು ಹಳೇ ಟಿವಿ ಕಾರ್ಟೂನ್‌ಗಳ ಕ್ವಿಜ್ ಆಡ್ತಿದ್ವಿ. "ಆ ನರಿ ಯಾವಾಗಲೂ ಯಾಕೆ ಓಡುತ್ತೆ?" ಅಂತ ಕೇಳಿದಳು. ನಾನೂ ತಮ್ಮನೂ ಒಟ್ಟಿಗೇ ಹೇಳಿದ್ವಿ: "ಮಲವಗೊಪ್ಪದಲ್ಲಿರೋ ತಂಗಿ ಮನೆಗೆ!"

"ಇಂಗ್ಲಿಷ್ ನರಿಗೆ ಮಲವಗೊಪ್ಪದಲ್ಲಿ ಯಾವ ತಂಗಿ, ಆಪಾ?" ಅಂತ ಸುಮೇರಾ ಫೋನಲ್ಲಿ ಆ ಕಾರ್ಟೂನ್ ಹಾಕಿ ತೋರಿಸಿದಳು. ನರಿ ಗಾಳಿಗೆ ಹಾರಿದ ಟೋಪಿ ಹಿಡಿಯೋಕೆ ಓಡುತ್ತೆ, ಅಷ್ಟೇ.

ಚಿಕ್ಕವರಿದ್ದಾಗ ಭದ್ರಾವತಿಯಲ್ಲಿ ನಮಗೆ ಆ ಇಂಗ್ಲಿಷ್ ಕಾರ್ಟೂನಿನ ಅರ್ಥ ಹೇಳ್ತಿದ್ದದ್ದು ನಾನಿ, ಅಮ್ಮನ ಅಮ್ಮ. ಅವರಿಗೂ ಇಂಗ್ಲಿಷ್ ಬರ್ತಿರಲಿಲ್ಲ ಅನ್ನೋದು ನನಗೆ ಇವತ್ತು ಹೊಳೀಬೇಕಾ!

ಮಲವಗೊಪ್ಪದಲ್ಲಿ ಇದ್ದದ್ದು ನಾನಿಯ ತಂಗಿ. ಯಾರದೋ ಮದುವೆಯಲ್ಲಿ ಮುನಿಸಾಗಿ ಇಬ್ಬರೂ ಮಾತು ಬಿಟ್ಟಿದ್ರು. ಶಿವಮೊಗ್ಗದ ಬಸ್ಸು ಆ ಊರು ದಾಟುವಾಗ ನಾನಿ ಕಿಟಕಿ ಕಡೆ ತಿರುಗ್ತಾನೇ ಇರಲಿಲ್ಲ.

ಕಾರ್ಟೂನ್ ಮುಗಿದಾಗೆಲ್ಲ ನಾವು ಕೇಳ್ತಿದ್ವಿ, "ನರಿ ತಂಗಿ ಮನೆ ತಲುಪ್ತಾ ನಾನಿ?"

ಟಿವಿ ಆರಿಸಿ, ಅದರ ಮೇಲೆ ಬಟ್ಟೆ ಹೊದಿಸ್ತಾ ಅನ್ನೋರು, "ಇವತ್ತು ಹೊತ್ತಾಯ್ತು ಮಗಾ. ಬರೋ ವಾರ ಹೋಗುತ್ತೆ."