ಅರ್ಧಕ್ಕೆ ಎದ್ದು ಬಂದ ಸಿನಿಮಾ

ಕ್ಷೌರದಂಗಡಿ,
೧೪ನೇ ತಾರೀಕು, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ನೀನು ಅಮ್ಮನಿಗೆ ಫೋನ್ ಮಾಡಿದಾಗೆಲ್ಲ ಆ ಕೆಮ್ಮು ಪಕ್ಕದಲ್ಲಿ ಕೂತ ನನಗೂ ಕೇಳುತ್ತದೆ. ಅಪ್ಪನಿಗೆ ಕೊಡು ಎಂದು ನೀನು ಹೇಳುವುದಿಲ್ಲ, ನಾನೂ ಕೈ ಚಾಚುವುದಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು. ಅಮ್ಮ ಚೆನ್ನಾಗಿದ್ದಾಳೆ. ನನ್ನ ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಮನೆಯಲ್ಲಿ ಬೇರೆ ಯಾರು ಕೇಳುತ್ತಾರೆ ಬಿಡು.

ಅಂಗಡಿಯನ್ನು ಈ ಹೊಸ ಬೀದಿಗೆ ತಂದ ಮೇಲೆ ಗಿರಾಕಿಗಳಿಗೇನೂ ಕಮ್ಮಿಯಿಲ್ಲ. ಅಜ್ಜ-ಮೊಮ್ಮಗ ರೈಲು ತಪ್ಪಿಸಿಕೊಳ್ಳುವ ಸಿನಿಮಾ ಬಂದಿದೆಯಲ್ಲ, ಬೀದಿಗೆ ಬೀದಿಯೇ ಅದಕ್ಕೆ ಮರುಳಾಗಿದೆ. ನೋಡಿ ಮುಗಿಸಿದವರೆಲ್ಲ ನನ್ನ ಕುರ್ಚಿಯಲ್ಲಿ ಬಂದು ಕೂರುತ್ತಾರೆ. "ಅದೇ ಥರದ್ದು ಇನ್ನೊಂದು ಹೇಳಿ, ಯಾರಿಗೂ ಗೊತ್ತಿಲ್ದೇ ಇರೋದು" ಅನ್ನುತ್ತಾರೆ. ನಿನ್ನಪ್ಪನ ಹುಚ್ಚು ನಿನಗೆ ಗೊತ್ತೇ ಇದೆ. ಕೊರಳಿಗೆ ಬಟ್ಟೆ ಕಟ್ಟಿದ ಮೇಲೆ ಗಿರಾಕಿ ಎಲ್ಲಿಗೆ ಓಡುತ್ತಾನೆ? ಎರಡು ದಿನವೂ ಓಡದ್ದು, ಹೀರೋನೇ ಇಲ್ಲದ್ದು, ಎಲ್ಲವನ್ನೂ ಹುಡುಕಿ ತೆಗೆದು ಹೇಳುತ್ತೇನೆ. ನಿನ್ನದೊಂದನ್ನು ಬಿಟ್ಟು. ಸಿನಿಮಾ ಮಾಡಿದ ಮಗಳಿದ್ದಾಳೆ ಎಂಬುದೇ ಇಲ್ಲಿ ಯಾರಿಗೂ ತಿಳಿಯದು.

ಯಾಕೆಂದು ನಿನಗೆ ಗೊತ್ತು. ಮೊದಲ ಪ್ರದರ್ಶನದ ದಿನ ನಿನ್ನ ಪಕ್ಕದಲ್ಲೇ ಕೂತಿದ್ದೆ. ಹೇಳದೆ ಕೇಳದೆ ಸಿನಿಮಾಕ್ಕೆ ಓಡಿದಳೆಂದು ತೆರೆಯ ಮೇಲಿನ ಕ್ಷೌರಿಕ ಮಗಳ ಉದ್ದ ಜಡೆಯನ್ನು ಕಚಕ್ಕನೆ ಕತ್ತರಿಸಿ ಹಾಕಿದ. ನಾನು ನಿನಗೆ ಮಾಡಿದ್ದೇ ಅದು. ಹಿಂದಿನ ಸಾಲಿನಲ್ಲಿ ಯಾರೋ, "ಥೂ, ಇವನೂ ಒಬ್ಬ ಅಪ್ಪಾನಾ!" ಎಂದರು. ನನ್ನ ಮಾನ ಹರಾಜು ಹಾಕಿದಳು ಎಂದು ಅಲ್ಲೇ ಎದ್ದು ಬಂದುಬಿಟ್ಟೆ. ಆಮೇಲೆ ನೀನು ಮನೆಗೆ ಬರಲಿಲ್ಲ, ನಾನು ಕರೆಯಲಿಲ್ಲ.

ಮೊನ್ನೆ ಪಕ್ಕದ ಗಲ್ಲಿಯ ಬೀಗ ರಿಪೇರಿಯವನು ಬಂದಿದ್ದ. ತಾನೇ ಹುಡುಕಿ ಒಂದು ಸಿನಿಮಾ ಕಂಡುಹಿಡಿದನಂತೆ; ನನಗೂ ಗೊತ್ತಿಲ್ಲದ್ದು ತನಗೆ ಸಿಕ್ಕಿತೆಂದು ಜಂಬ ಬೇರೆ. ಅವನು ಕತೆ ಹೇಳುತ್ತಾ ಹೋದಂತೆ ನಿನ್ನದೇ ಎಂದು ತಿಳಿಯಿತು. ನನ್ನ ಕೈ ನಿಂತುಹೋಯಿತು. "ಅಂಥದ್ದನ್ನೆಲ್ಲ ಯಾರ್ ನೋಡ್ತಾರೆ, ಬಿಡಯ್ಯಾ" ಎಂದೆ. ಹೆತ್ತಪ್ಪ ಆಡುವ ಮಾತೇ ಇದು! ಅವನು ಬಿಡಲಿಲ್ಲ. "ಕೊನೆ ಕೇಳಿ ಅಂದ್ರೆ. ಮಾರನೇ ದಿನ ಆ ಅಪ್ಪ ತನ್ನ ತಲೇನೂ ನುಣ್ಣಗೆ ಬೋಳಿಸ್ಕೊಂಡು, ಮಗಳ ಕೈ ಹಿಡ್ಕೊಂಡು ಸ್ಕೂಲಿಗೆ ಹೋಗ್ತಾನೆ. ಮಕ್ಕಳೆಲ್ಲ ಅವಳನ್ನ ಬಿಟ್ಟು ಇವನನ್ನ ನೋಡಿ ನಗ್ತಾವೆ. ನಾನಂತೂ ಅತ್ಬಿಟ್ಟೆ ಕಣ್ರೀ" ಎಂದ.

ಅದು ನಿನಗೆ ನೆನಪಿತ್ತೇ, ಪುಟ್ಟೀ? ನನ್ನ ತಲೆಯಲ್ಲಿ ಹೇನಾಗಿತ್ತು, ಅದಕ್ಕೇ ಬೋಳಿಸಿಕೊಂಡೆ ಎಂದು ಅಮ್ಮನಿಗೂ ಸುಳ್ಳು ಹೇಳಿದ್ದೆ. ನೀನೂ ನಂಬಿದ್ದೀಯ ಎಂದುಕೊಂಡಿದ್ದೆ. ಮಾನ ಕಳೆದಳೆಂದು ನಾನು ಎದ್ದು ಬಂದ ಸಿನಿಮಾದಲ್ಲಿ ನೀನು ನನ್ನ ಮಾನ ಉಳಿಸಿದ್ದೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟಾದರೂ "ಅದು ನನ್ನ ಮಗಳು ಮಾಡಿದ್ದು" ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ ಕಣಮ್ಮಾ. ಹೇಳಿದರೆ ಆ ಅಪ್ಪ ಯಾರು ಎಂದು ಕೇಳುತ್ತಿದ್ದ. ಕತ್ತರಿ ಜಾರಿ ಅವನ ಮೀಸೆ ಒಂದು ಕಡೆ ಗಿಡ್ಡವಾಯಿತು. ಕನ್ನಡಿಯನ್ನೂ ನೋಡದೆ ಎದ್ದುಹೋದ ಪುಣ್ಯಾತ್ಮ.

ಅಮ್ಮನ ಆಶೀರ್ವಾದ ಯಾವಾಗಲೂ ಇದ್ದದ್ದೇ. ನನ್ನದೂ ಇದೆ, ಬೇಕೆನಿಸಿದರೆ ತೆಗೆದುಕೋ.

ನಿನ್ನ
ಅಪ್ಪ

ಮ.ವಿ: ಲಕೋಟೆ ಅಂಟಿಸುವಷ್ಟರಲ್ಲಿ ಬೀಗದವನು ಮೀಸೆ ಸರಿ ಮಾಡಿಸಲು ಬಂದ. ಹೇಳಿಬಿಟ್ಟೆ: ಮಾಡಿದವಳು ನನ್ನ ಮಗಳು, ಜಡೆ ಕತ್ತರಿಸಿದವನು ನಾನೇ. ಉಳಿದರ್ಧ ನಾನಿನ್ನೂ ನೋಡಿಲ್ಲ ಎಂದೂ ಹೇಳಿದೆ. ತೋರಿಸುತ್ತೇನೆ ಬನ್ನಿ ಎಂದ, ಬೇಡ ಎಂದೆ. ನೀನು ಬಂದು ಪಕ್ಕದಲ್ಲಿ ಕೂತರೆ ನೋಡುತ್ತೇನೆ. ಈ ಸಲ ಮಧ್ಯದಲ್ಲಿ ಎದ್ದು ಹೋಗುವುದಿಲ್ಲ. ಈ ಮಂಡಿ ಇಟ್ಟುಕೊಂಡು ಏಳಬೇಕಾದರೂ ನೀನೇ ಕೈ ಹಿಡಿಯಬೇಕು.