ರೇಡಿಯೋದಾಗ ಹೇಳಲಾರದ ಮಾತು

ಬನಹಟ್ಟಿ,
೧೮ ಜನವರಿ ೨೦೨೫

ನಮ್ಮ ಮನಿಯವರಿಗೆ ನಿಮ್ಮ ಬನಶಂಕರಿಯ ನಮಸ್ಕಾರ.

ಆರಾಮ ಅದೀರಿಲ್ಲೋ? ದೋಣ್ಯಾಗಿನ ವಾಂತಿ ನಿಂತಾವೇನ್ರಿ? ಬರೇ ಬ್ರೆಡ್ ತಿನ್ನಬ್ಯಾಡ್ರಿ, ನಾ ಕಟ್ಟಿ ಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿನ್ರಿ. ಇಲ್ಲಿ ಅತ್ತಿ, ಮಾವನವರು ಛಲೋ ಅದಾರ. ಸೀರಿ ನೇಯೂ ಮನಿಯಂವ ದೋಣಿ ಹಾಯಿ ಹೊಲಿಯಾಕ ಸಮುದ್ರಕ್ಕ ಹೋದ ಅಂತ ಓಣ್ಯಾಗ ಇನ್ನೂ ನಗತಾರ. ನೀವು ಆಫ್ರಿಕಾದ ಬಂದರಕ್ಕ ಇಳಿದಾಗ ಸಿಗಲಿ ಅಂತ ಈ ಪತ್ರ ಟಪಾಲಿಗೆ ಹಾಕಾಕತ್ತೇನಿ.

'ಯಾಕ ಇಷ್ಟ ಒಣಾ ಈಮೇಲ್ ಬರೀತಿ' ಅಂತ ಕೇಳೀರಿ. ಏನ ಮಾಡ್ಲಿರಿ? ನಡು ಸಮುದ್ರದಾಗ ನಿಮಗ ಫೋನ್ ಹತ್ತೂದಿಲ್ಲ, ಮಾವನವರು ಲೈಸನ್ಸ್ ತಗೊಂಡು ಹವ್ಯಾಸಕ್ಕ ಇಟ್ಟ ಹ್ಯಾಮ್ ರೇಡಿಯೋದಿಂದ ನಿಮ್ಮ ದೋಣಿ ರೇಡಿಯೋಕ್ಕ ಈಮೇಲ್ ಕಳಸೂದೊಂದ ದಾರಿ. ನಾ ಹೇಳಬೇಕು, ಅವರು ಒಂದೊಂದ ಶಬ್ದ ಬಾಯಿಲೆ ಓದಕೋಂತ ಟೈಪ್ ಮಾಡಬೇಕು! ಇದಕ್ಕೊಂದು ಪಾಸ್‌ವರ್ಡ್ ಹಾಕ್ರಿ, ನಮ್ಮವರಷ್ಟ ಓದೂ ಹಂಗ ಮಾಡ್ರಿ ಅಂದೆ. ಮಾವನವರು ಹೌಹಾರಿದ್ರು. 'ಹ್ಯಾಮ್ ರೇಡಿಯೋದಾಗ ಗುಟ್ಟಿನ ಭಾಷಾಕ್ಕ ಕಾಯ್ದೆ ಒಪ್ಪೂದಿಲ್ಲವ್ವಾ. ಎಲ್ಲಾ ಬಯಲಾಗ ಇರಬೇಕು. ಲೈಸನ್ಸ್ ಹೋಗತೈತಿ' ಅಂದ್ರು.

ನೀವು ಹೋದ ಮ್ಯಾಲೆ ಗೊತ್ತಾತ್ರಿ, ನಾ ಬಸರಿ ಅಂತ. ಮೊದಲ ನಿಮಗ ಹೇಳಬೇಕಂತ ಜೀವ ಚಡಪಡಿಸ್ತು. ಖರೆ ಆ ಮಾತು ಮಾವನವರ ಬಾಯಿಲೆ ಓದಸಲಿ ಹ್ಯಾಂಗ? ಅದರಾಗ ಜಮಖಂಡಿ ಅಮಸಿದ್ದಪ್ಪ ಕಾಕಾನೂ ತಮ್ಮ ರೇಡಿಯೋ ಸೆಟ್ ಹಚ್ಚಿಕೊಂಡ, ಹೋಗಿ ಬರೂ ಈಮೇಲ್ ಎಲ್ಲಾ ಓದಕೋಂತ ಕುಂತಿರತಾರ. ಮೂರು ತಿಂಗಳು ತುಂಬಿ, ನೀವು ದಂಡಿಗೆ ಹತ್ತಿದ ಮ್ಯಾಲೆ ಫೋನಿನ್ಯಾಗ ಹೇಳೂನು ಅಂತ ನಾಚಕೊಂಡ ಕುಂತೆ. ನಿಮಗ ಬರೇ ಮಗ್ಗದ ಸುದ್ದಿ, ನೂಲಿನ ಸುದ್ದಿ ಬರಸಿದೆ. ಹೋದ ವಾರ ಬಸರು ಇಳೀತ್ರಿ. ನಿಮಗ ಒಂದ ದಿನಾನೂ ಅಪ್ಪ ಆಗೂ ಖುಷಿ ಕೊಡಲಿಲ್ಲ ನಾನು. ಸುಡ್ಲಿ ನನ್ನ ನಾಚಿಕಿ!

ಅತ್ತಿ ಮಾವನವರಿಗೆ ಎಲ್ಲಾ ಹೇಳಿರಬೇಕು. ಮಾವನವರು ಇವತ್ತ ಮುಂಜಾನೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ನನಗ ಟೈಪ್ ಮಾಡೂದು ತೋರಿಸಿದ್ರು. ಲೈಸನ್ಸ್ ಇದ್ದವರು ಸೆಟ್ ಬಿಟ್ಟು ಹೋಗಾಂಗಿಲ್ಲಂತ, ಗ್ವಾಡಿ ಕಡೆ ಮುಖಾ ಮಾಡಿ ಕುಂತ್ರು. ನನಗ ನಗೂನೂ ಬಂತು, ಅಳೂನೂ ಬಂತು. ಕೈ ಏಳಲಿಲ್ಲರಿ, ಒಳಗ ಬಂದು ಇದನ್ನ ಬರದೆ.

ಮನಿದೇವರು ನಿಮ್ಮನ್ನ ಕಾಯಲಿ. ಅತ್ತಿ, ಮಾವನವರು ಆಶೀರ್ವಾದ ತಿಳಿಸ್ಯಾರ.

ನಿಮ್ಮ,
ಬನಶಂಕರಿ

ತಾ.ಕ.: ಲಕೋಟಿ ಅಂಟಿಸೂಮುಂದ ತಡಕೊಳ್ಳಾಕ ಆಗಲಿಲ್ಲ. ಮಾವನವರು ಇನ್ನೂ ಗ್ವಾಡಿ ನೋಡಕೋಂತ ಕುಂತಿದ್ರು. ಹೋಗಿ ನಾನ ಟೈಪ್ ಮಾಡಿ ಕಳಿಸಿದೆ: 'ನಮಗ ಕೂಸು ಬರೂದಿತ್ತು. ಉಳೀಲಿಲ್ಲ. ಒಬ್ಬಾಕಿನ ಅತ್ತು ಸಾಕಾಗೇತಿ.' ಈ ಪತ್ರಕ್ಕಿಂತ ಮೊದಲ ಅದು ನಿಮಗ ಮುಟ್ಟಿರತೈತಿ. ನೀವೂ ರೇಡಿಯೋದಾಗ ಬರೀರಿ, ಎಲ್ಲಾ ಬಿಚ್ಚಿ ಬರೀರಿ. ಮಾವನವರು ಓದಲಿ, ಅಮಸಿದ್ದಪ್ಪ ಕಾಕಾನೂ ಓದಲಿ. ನನಗ ನಿಮ್ಮ ಮಾತು ಬೇಕು.