ಕಾಗೆ ಬಾರದ ಎಡೆ

ವಾಸ್ಕೋ, ಮಂಗಳವಾರ

ವೈನಿಯವರಿಗೆ ಪರಶುವಿನ ನಮಸ್ಕಾರ.

ಹಡಗಿನ ಕೆಲಸಕ್ಕೆ ಹೋಗುವಾಗ ಅಣ್ಣ ಮುಳುಗಿದ ಜಾಗಕ್ಕೆ ಇಂದು ಸಣ್ಣ ಮೋಟಾರು ದೋಣಿಯಲ್ಲಿ ಹೋಗಿದ್ದೆ. ಅಲೆಗಳು ದೋಣಿಯನ್ನು ಎತ್ತಿ ಎತ್ತಿ ಕುಕ್ಕಿದವು. ನೀವು ಕಟ್ಟಿಕೊಟ್ಟ ರೊಟ್ಟಿಯ ಎಡೆ ಹಿಡಿದು ಕಾಗೆಗಾಗಿ ಕಾದೆ.

“ನಡು ಸಮುದ್ರದಾಗ ಕಾಗಿ ಎಲ್ಲಿಂದ ಬರತೈತೋ, ನೀರಿಗೇ ಬಿಡು,” ಎಂದ ದೋಣಿ ನಡೆಸುವ ಗಂಗಪ್ಪ. ಬಿಟ್ಟೆ.

ನನಗೆ ತೇಲುವ ಜಾಕೆಟ್ ತೊಡಿಸಿದ್ದರು. ಅದಕ್ಕಿನ್ನೂ ಹೊಸ ಪ್ಲಾಸ್ಟಿಕ್ಕಿನ ವಾಸನೆ ಇತ್ತು.

“ನಮ್ಮಣ್ಣಗ ಇದನ್ನ ಕೊಟ್ಟಿದ್ರೇನು?”

“ಇಲ್ಲೋ ತಮ್ಮಾ. ಅವ ಹೋದ ಮರುದಿನ ತಂದಾರ.”

ದೋಣಿಯಲ್ಲಿ ವಾಂತಿಯಾಯಿತು, ಈಗ ಆರಾಮ. ಜಾಕೆಟ್ ಬೇಡವೆಂದು ಅಣ್ಣನೇ ಹೇಳಿದ್ದನೆಂದು ಬರೆದ ಕಾಗದಕ್ಕೆ ಗುತ್ತಿಗೆದಾರ ನನ್ನ ಸಹಿ ಕೇಳಿದ. ನಾನು ಹಾಕಲಿಲ್ಲ. ಊರಿಗೂ ಬಂದಾನು. ಚಹಾ ಕೊಡಿರಿ, ಸಹಿ ಕೊಡಬೇಡಿರಿ.

ನಿಮ್ಮ ಮೈದುನ